ಕಪ್ಪಾಗದ ಲೋಟ ಯಾರದು

ನಮ್ಮ ಚಿಕ್ಕಪ್ಪನ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ, ಅದರಿಂದಲೇ ನಮ್ಮ ಫ್ಯಾಕ್ಟರಿ ಉಳಿಯಿತು. ಈ ಮಾತನ್ನು ಎಷ್ಟೋ ಕಡೆ ಹೇಳಿದ್ದೇನೆ. ಹೇಳಿ ಹೇಳಿ ಅದು ಉಜ್ಜಿದ ಹಿತ್ತಾಳೆಯ ಹಾಗೆ ಹೊಳೆಯತೊಡಗಿದೆ. ಹೊಳೆಯುವ ನೆನಪನ್ನು ನಾನು ನಂಬುವುದಿಲ್ಲ. ಹಾಗಾಗಿ ಇಲ್ಲಿ ಗೊತ್ತಿರುವಷ್ಟನ್ನೇ ಬರೆಯುತ್ತೇನೆ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ. ಹೆಮ್ಮೆಯನ್ನು ಮಾತ್ರ ಬಿಡುವುದಿಲ್ಲ. ಅದು ನೆನಪಲ್ಲ, ಈಗಲೂ ಇರುವಂಥದ್ದು.

ಫ್ಯಾಕ್ಟರಿ ಇದ್ದದ್ದು ಮಾಲೂರಿನಲ್ಲಿ, ಹೆಂಚಿನ ಕಾರ್ಖಾನೆಗಳ ಸಾಲು ಮುಗಿಯುವ ಕಡೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಚಿಕ್ಕಪ್ಪ ಅದನ್ನು ಶುರು ಮಾಡಿದರು. ಮುಳಬಾಗಿಲಿನ ನಮ್ಮ ಮನೆತನದ ಗಂಡಸರು ಪೂಜೆಗೆ ಹೋದವರು, ಇಲ್ಲವೇ ಲೆಕ್ಕ ಬರೆಯಲು ಕೂತವರು. ಬಾಯ್ಲರ್ ಇಟ್ಟವರು ಇವರೊಬ್ಬರೇ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಾಗ "ಬೇರೆ ಕಡೆ ಯಾಕೆ ಹುಡುಕ್ತೀಯ, ನಮ್ಮ ಲ್ಯಾಬ್ ಖಾಲಿ ಇದೆಯಲ್ಲ" ಎಂದು ಒಂದು ಬಿಳಿ ಕೋಟು ಕೊಟ್ಟರು. ಲ್ಯಾಬ್ ಎಂದರೆ ಒಂದು ಕೋಣೆ, ಒಂದು ತಕ್ಕಡಿ, ಕಡಪ ಕಲ್ಲಿನ ಒಂದು ಬೆಂಚು.

ನಾವು ತೆಗೆಯುತ್ತಿದ್ದುದು ನಸುಗುನ್ನಿ ಬೀಜದ ಸತ್ವ. ಬೇಲಿಗಳ ಮೇಲೆ ಹಬ್ಬುವ ಬಳ್ಳಿ ಅದು. ಕಾಯಿಯ ಮೇಲಿನ ರೋಮ ಮೈಗೆ ತಾಕಿದರೆ ಚರ್ಮ ಕಿತ್ತುಹೋಗುವಷ್ಟು ನವೆ. ಶ್ರೀನಿವಾಸಪುರದ ಕಡೆಯಿಂದ, ಗಡಿಯಾಚೆಯ ಆಂಧ್ರದಿಂದ ಬೀಜ ಗೋಣಿಚೀಲಗಳಲ್ಲಿ ಬರುತ್ತಿತ್ತು. ಅದರೊಳಗೆ ಲೆವೊಡೋಪ ಎಂಬ ವಸ್ತು ಇದೆ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಅದೇ ಔಷಧಿ. ನಾವು ಅದನ್ನು ಬಿಳಿ ಪುಡಿ ಮಾಡಿ ಮಾತ್ರೆ ಮಾಡುವ ಕಂಪನಿಗಳಿಗೆ ಕಳಿಸುತ್ತಿದ್ದೆವು.

ಈ ಪುಡಿ ಏಕೆ ಕೆಲಸ ಮಾಡುತ್ತದೆ ಎಂಬುದನ್ನು ಚಿಕ್ಕಪ್ಪ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಮದುವೆಮನೆಯ ಪಂಕ್ತಿಯಲ್ಲಿ, ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಿದ್ದ ಪರಿಚಯದವರ ಎದುರಿನಲ್ಲಿ.

"ನಮ್ಮಜ್ಜಿಯ ಮಡಿ ಅಡುಗೆಮನೆ ಇತ್ತಲ್ಲ, ಮೆದುಳು ಅದೇ. ಹೋಟೆಲಿಂದ ಸಾರು ತಂದ್ರೆ ಹೊಸ್ತಿಲು ದಾಟಿಸ್ತಿದ್ರಾ? ಹಸಿ ತರಕಾರಿ ತಂದ್ರೆ ತಗೋತಿದ್ರು, ಒಳಗೆ ಬೇಯಿಸ್ಕೋತಿದ್ರು. ರೋಗಿಯ ಮೆದುಳಿಗೆ ಬೇಕಾಗಿರೋದು ಡೋಪಮಿನ್ ಅನ್ನೋ ಸಾರು. ಅದನ್ನ ರಕ್ತಕ್ಕೆ ಹಾಕಿದ್ರೆ ಬಾಗಿಲಲ್ಲೇ ನಿಲ್ಲಿಸ್ತದೆ. ನಮ್ಮ ಬೀಜದ್ದು ಹಸಿ ತರಕಾರಿ. ಸಲೀಸಾಗಿ ಒಳಗೆ ಹೋಗ್ತದೆ, ಒಳಗೆ ಹೋಗಿ ಸಾರಾಗ್ತದೆ."

ರಕ್ತಕ್ಕೂ ಮೆದುಳಿಗೂ ನಡುವೆ ಇರುವ ತಡೆಗೋಡೆಯ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿರಲಿಲ್ಲ.

ಆಮೇಲೆ ಅವರು ಎರಡನೆಯ ಭಾಗಕ್ಕೆ ಬರುತ್ತಿದ್ದರು. ಬೀಜದ ಪುಡಿಯನ್ನು ಬರೀ ನೀರಿನಲ್ಲಿ ನೆನೆಸಿದರೆ ನೀರು ಕಪ್ಪಾಗುತ್ತದೆ. ಕಪ್ಪಾದರೆ ಹಾಳಾಯಿತೆಂದೇ ಲೆಕ್ಕ. ಲೆವೊಡೋಪ ಗಾಳಿಗೆ ಸಿಕ್ಕಿ ಬೇರೇನೋ ಆಗಿರುತ್ತದೆ, ಆ ಬೇರೇನನ್ನೋ ಮೆದುಳು ಒಳಗೆ ಬಿಡುವುದಿಲ್ಲ. ಹುಳಿನೀರಿನಲ್ಲಿ ಅರೆದರೆ ಕಪ್ಪಾಗುವುದಿಲ್ಲ. ಫ್ಯಾಕ್ಟರಿಯಲ್ಲಿ ನಾವು ಬಳಸುತ್ತಿದ್ದುದು ಡ್ರಮ್ಮುಗಳಲ್ಲಿ ಬರುವ ಆಮ್ಲ, ಆದರೆ ಅದು ಹುಣಸೆಹಣ್ಣಿನಲ್ಲಿರುವ ಆಮ್ಲವೇ. "ನಮ್ಮನೆಯವಳು ಬದನೆಕಾಯಿ ಹೆಚ್ಚಿ ಹುಣಸೆನೀರಿಗೆ ಹಾಕೋದು ನೋಡಿ ನನಗೆ ಹೊಳೀತು" ಎಂದು ಚಿಕ್ಕಪ್ಪ ಮುಗಿಸುತ್ತಿದ್ದರು. ಜೀವನದಲ್ಲಿ ಅವರು ತಮ್ಮದು ಎಂದು ಹೇಳಿಕೊಂಡದ್ದು ಇದೊಂದನ್ನೇ. ಮನೆಯನ್ನು ಹಿರಿಯರದು ಎನ್ನುತ್ತಿದ್ದರು, ಫ್ಯಾಕ್ಟರಿಯನ್ನು ಬ್ಯಾಂಕಿನದು ಎನ್ನುತ್ತಿದ್ದರು.

ಎರಡು ಸಾವಿರದ ನಂತರ ಪೇಟೆಂಟ್ ಕಾನೂನು ಬದಲಾಯಿತು. ಅದಾದ ಸ್ವಲ್ಪ ದಿನಕ್ಕೆ ನಮಗೆ ಗೊತ್ತಾಯಿತು: ಹೊರದೇಶದ ಕಂಪನಿಯೊಂದು ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ಅರ್ಜಿ ಹಾಕಿದೆ. ನಸುಗುನ್ನಿ ಬೀಜವನ್ನು ಹುಳಿನೀರಿನಲ್ಲೇ ಅರೆದು ಸತ್ವ ತೆಗೆಯುವ ವಿಧಾನ ತನ್ನದು. ಆ ಸತ್ವವನ್ನು ಮೆದುಳಿನ ತಡೆಗೋಡೆ ದಾಟಿಸಿ ಕೊಡುವ ಚಿಕಿತ್ಸೆಯೂ ತನ್ನದು. ಅದು ಮಂಜೂರಾದರೆ ನಾವು ಬಾಯ್ಲರ್ ಆರಿಸಬೇಕಿತ್ತು. ಬೇರೆ ದಾರಿ ನಮಗೆ ಗೊತ್ತಿರಲಿಲ್ಲ. ಮಂಜೂರಾಗುವ ಮೊದಲೇ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು ಎಂದು ಕೇಳಿ ಚಿಕ್ಕಪ್ಪ ಬೆಂಗಳೂರಿನಿಂದ ಒಬ್ಬ ವಕೀಲರನ್ನು ಕರೆಸಿದರು. ಸಣ್ಣ ವಯಸ್ಸು, ಕನ್ನಡಕ, ಊಟಕ್ಕೆ ಕೂತರೂ ಪೆನ್ನು ಕೆಳಗಿಡುತ್ತಿರಲಿಲ್ಲ.

ಮಾಲೂರಿನ ಮನೆಯಲ್ಲಿ, ಊಟದ ಎಲೆಯ ಮುಂದೆ, ವಕೀಲರು ಕೇಳಿದರು. "ಚಿಕಿತ್ಸೆಗೆ ನಮ್ಮ ದೇಶದಲ್ಲಿ ಪೇಟೆಂಟ್ ಕೊಡಲ್ಲ ಸಾರ್, ಆ ಭಾಗ ತಾನಾಗೇ ಬೀಳುತ್ತೆ. ವಿಧಾನ ನಿಲ್ಲಬಹುದು. ಅವರಿಗಿಂತ ಮುಂಚೆ ನೀವು ಹುಳಿನೀರು ಬಳಸ್ತಿದ್ರಿ, ಸರಿ. ಯಾರಿಗಾದ್ರೂ ಹೇಳಿದ್ರಾ?"

ಚಿಕ್ಕಪ್ಪ ಬೆನ್ನು ನೇರ ಮಾಡಿ ಕೂತರು. "ಛೆ ಛೆ. ವ್ಯಾಪಾರದ ವಿಷಯ. ನನ್ನ ಬಿಟ್ಟು, ಈ ಹುಡುಗಿ ಬಿಟ್ಟು, ಒಂದು ನರಪಿಳ್ಳೆಗೂ ಗೊತ್ತಿಲ್ಲ."

ವಕೀಲರು ಮೊದಲ ಸಲ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಕಷ್ಟ. ಗುಟ್ಟಾಗಿ ಮಾಡಿದ್ದು ಲೆಕ್ಕಕ್ಕೆ ಬರಲ್ಲ. ನಾಲ್ಕು ಜನಕ್ಕೆ ಗೊತ್ತಿತ್ತು ಅಂತ ತೋರಿಸ್ಬೇಕು."

ಬಡಿಸುತ್ತಿದ್ದ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ನಗಲು ಶುರು ಮಾಡಿದರು. "ಇವರಾ? ಗುಟ್ಟಾ? ನಮ್ಮ ಅಣ್ಣನ ಮಗಳ ಮದುವೆಯಲ್ಲಿ ವರನ ಕಡೆಯವರನ್ನ ಕೂರಿಸ್ಕೊಂಡು ಹೇಳಿದ್ರು. ಮುಹೂರ್ತ ಮೀರ್ತಿದೆ ಅಂತ ಪುರೋಹಿತರು ಕೈ ಹಿಡಿದು ಎಳೆದ್ರು. ಬಸ್ಸಿನ ಕಂಡಕ್ಟರಿಗೆ ಹೇಳಿದಾರೆ ಸ್ವಾಮಿ. ಆತ ಟಿಕೆಟ್ ಕೊಡೋದು ಮರೆತ."

ಚಿಕ್ಕಪ್ಪನ ಮುಖ ನನಗೆ ನೆನಪಿದೆ ಎಂದು ಬರೆಯಬಹುದು. ನೆನಪಿಲ್ಲ. ಚಿಕ್ಕಮ್ಮನ ಸೌಟಿನಿಂದ ಮಜ್ಜಿಗೆಹುಳಿ ವಕೀಲರ ಕಾಗದದ ಮೇಲೆ ಬಿದ್ದದ್ದು ನೆನಪಿದೆ. ವಕೀಲರು ಅದನ್ನು ಒರೆಸದೆ "ಎಲ್ಲರ ಅಫಿಡವಿಟ್ ಬೇಕು" ಎಂದರು.

ಹೀಗಾಗಿ ನಾನು ಚಿಕ್ಕಪ್ಪನ ಜಂಬವನ್ನು ಹುಡುಕಿಕೊಂಡು ಜಿಲ್ಲೆ ಸುತ್ತಿದೆ. ಅಂಥ ಕೆಲಸ ಬೇರೆ ಯಾರಿಗೂ ಸಿಕ್ಕಿರಲಾರದು. ಕೋಲಾರದಲ್ಲಿ ನಿವೃತ್ತ ಲೆಕ್ಚರರ್ ಒಬ್ಬರು, ಚಿಕ್ಕಪ್ಪನ ಜೊತೆ ಓದಿದವರು, ಬಾಗಿಲು ತೆರೆದ ಕೂಡಲೇ "ಮಡಿ ಅಡುಗೆಮನೆ ತಾನೆ?" ಎಂದರು. ಪೂರ್ತಿ ಕಥೆ ಅವರೇ ಹೇಳಿದರು, ಚಿಕ್ಕಪ್ಪನ ಹಾಗೆಯೇ ಕೈ ಮಾಡಿ ಹೇಳಿದರು. ಹುಳಿನೀರಿನ ಬಗ್ಗೆ ಹೇಳಿದ್ದರೇ ಎಂದು ಕೇಳಿದೆ. "ಅದೇನದು? ಸಾರು ಅಂದಿದ್ದ. ಸಾರಲ್ಲಿ ಹುಳಿ ಇರ್ತದಲ್ಲ."

ಮುಳಬಾಗಿಲಿನಲ್ಲೂ ಅದೇ. ಮದುವೆ ಮಾಡಿಸಿದ ಪುರೋಹಿತರಿಗೆ ಅಡುಗೆಮನೆ ನೆನಪಿತ್ತು, ಅಜ್ಜಿ ನೆನಪಿತ್ತು, ಮುಹೂರ್ತ ಮೀರುತ್ತಿದ್ದದ್ದು ಇನ್ನೂ ಸಿಟ್ಟಿನಿಂದ ನೆನಪಿತ್ತು. "ನಿಮ್ಮ ಚಿಕ್ಕಪ್ಪ ಹೇಳಿದ್ರಲ್ಲಿ ಮೆದುಳಿನ ವಿಷಯ ಕೇಳಿದೆನಮ್ಮ. ಬದನೆಕಾಯಿ ಬರೋ ಹೊತ್ತಿಗೆ ನಾನು ಎದ್ದು ಹೋಗಿದ್ದೆ." ಎಲ್ಲರೂ ಹೀಗೆಯೇ. ಹೋಲಿಕೆ ಎಷ್ಟು ಚೆನ್ನಾಗಿತ್ತೆಂದರೆ ಅದರ ಹಿಂದೆ ಬಂದ ಮಾತನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಈಗ ಹೋಲಿಕೆಗಳಿಂದ ಹೊಟ್ಟೆ ಹೊರೆಯುವ ನನ್ನಂಥ ಬರಹಗಾರರು ಇದನ್ನು ಗಮನಿಸಬೇಕು.

ಕೊನೆಗೆ ಚಿಕ್ಕಪ್ಪನೇ ನೆನಪು ಮಾಡಿಕೊಂಡರು. ಫ್ಯಾಕ್ಟರಿ ಶುರುವಾದ ಹೊಸದರಲ್ಲಿ ಗೌನಿಪಲ್ಲಿಯ ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಅವರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಜೊತೆಯಲ್ಲಿ ನಾನೂ ಹೋಗಿದ್ದೆ. "ಎರಡು ಲೋಟ ತರಿಸಿ ತೋರಿಸಿದ್ನಲ್ಲೇ. ಒಂದರಲ್ಲಿ ಬರೀ ನೀರು, ಒಂದರಲ್ಲಿ ಹುಣಸೆನೀರು. ಎರಡಕ್ಕೂ ಬೀಜದ ಪುಡಿ. ಒಂದು ಕಪ್ಪಾಯ್ತು, ಒಂದು ಆಗ್ಲಿಲ್ಲ. ಇಡೀ ಶಾಲೆ ಚಪ್ಪಾಳೆ ಹೊಡೀತು." ವಿದೇಶಿ ಕಂಪನಿಯ ಅರ್ಜಿಗಿಂತ ಎಷ್ಟೋ ವರ್ಷ ಹಿಂದಿನ ಮಾತು. ವಕೀಲರಿಗೆ ಇಷ್ಟೇ ಸಾಕಿತ್ತು.

ಪ್ರದರ್ಶನ ನಡೆಸಿದ ಟೀಚರು ಗೌನಿಪಲ್ಲಿಯಲ್ಲೇ ಇದ್ದರು. ನಿವೃತ್ತಿಗೆ ಹತ್ತಿರ, ಗಟ್ಟಿ ಧ್ವನಿ, ತೆಲುಗು ಬೆರೆತ ಮಾತು, ಮನೆಯ ಸುತ್ತ ಮಾವಿನ ತೋಟ. ನಾವಿಬ್ಬರೂ ಹೋದಾಗ ಕಾಯಿ ಇಳಿಸುತ್ತಿದ್ದರು. ಹುಲ್ಲು ಹಾಸಿದ ಕೋಣೆಯಲ್ಲಿ ತೋತಾಪುರಿಯ ರಾಶಿ. ಲೋಟದ ಮಾತೆತ್ತಿದ ಕೂಡಲೇ ಅವರ ಮುಖ ಅರಳಿತು.

"ಮರೀತೀನಾ? ಈಗಲೂ ಪ್ರತಿ ವರ್ಷ ಮಕ್ಕಳ ಕೈಲಿ ಮಾಡಿಸ್ತೀನಿ. ನೀವು ಬಂದಾಗ ನಾನು ತೋರಿಸಿದ್ದು ಅದನ್ನೇ ಅಲ್ವಾ ಸಾರ್."

"ನೀವು ತೋರಿಸಿದ್ದಾ?" ಎಂದರು ಚಿಕ್ಕಪ್ಪ.

"ಮತ್ತೆ? ಬದನೆಕಾಯಿ ಹುಳಿನೀರಲ್ಲಿ ಕಪ್ಪಾಗಲ್ಲ ಅಂತ ಮನೇಲಿ ದಿನಾ ನೋಡ್ತೀವಿ. ನಮ್ಮ ಬೇಲಿ ತುಂಬಾ ನಸುಗುನ್ನಿ. ಅದಕ್ಕೂ ಆಗ್ತದಾ ನೋಡೋಣ ಅಂತ ಮಕ್ಕಳ ಜೊತೆ ಮಾಡಿ ನೋಡಿದೆ. ನೀವು ಬಂದ್ರಿ, ಬಗ್ಗಿ ನೋಡಿದ್ರಿ, ಇದೇನಮ್ಮ ಅಂತ ಕೇಳಿದ್ರಿ."

"ಮೇಡಂ, ಬೀಜದ ಪುಡಿ ನನ್ನ ಚೀಲದಲ್ಲಿತ್ತು."

"ಲೇದು ಲೇದು. ನನ್ನ ಮೇಜಿನ ಮೇಲಿತ್ತು. ಕಿಟಕಿ ಪಕ್ಕದ ಮೇಜು, ಒಂದು ಕಾಲು ಮೋಟು, ಅಡಿಗೆ ಹೆಂಚಿನ ಚೂರು ಇಟ್ಟಿದ್ದೆ. ಎಂಟನೇ ಕ್ಲಾಸಿನ ಹುಡುಗಿ ಲೋಟ ಹಿಡ್ಕೊಂಡು ನಿಂತಿದ್ಲು, ಕೈ ನಡುಗ್ತಿತ್ತು, ಯಾಕಮ್ಮ ಭಯ ಅಂತ ನೀವೇ ಕೇಳಿದ್ರಿ." ನನ್ನ ಕಡೆ ತಿರುಗಿ, "ನೀನೂ ಇದ್ದೆ ಅಲ್ವಾ ಪಾಪ, ಎರಡು ಜಡೆ ಹಾಕ್ಕೊಂಡು?"

ನಾನು ಆ ಹೊತ್ತಿಗೆ ಎಂ.ಎಸ್ಸಿ. ಮುಗಿಸಿದವಳು, ಎರಡು ಜಡೆ ಬಿಟ್ಟು ವರ್ಷಗಳಾಗಿದ್ದವು. ಚಿಕ್ಕಪ್ಪ ಗೆದ್ದವರ ಹಾಗೆ ನನ್ನ ನೋಡಿದರು.

ವಾಪಸ್ ಬರುವಾಗ ಬಸ್ಸು ಶ್ರೀನಿವಾಸಪುರ ದಾಟಿತು. ಆಗ ಚಿಕ್ಕಪ್ಪ ಹೇಳಿದರು: "ಜಡೆ ತಪ್ಪಾಗಿದ್ರೆ ಲೋಟವೂ ತಪ್ಪು. ನೀನು ಬರೆದುಕೊಡು. ನಾನು ತೋರಿಸಿದ್ದನ್ನ ಕಣ್ಣಾರೆ ಕಂಡೆ ಅಂತ."

ನನ್ನಲ್ಲಿರುವುದು ಇಷ್ಟು. ಎರಡು ಗಾಜಿನ ಲೋಟ. ಒಂದು ಕಪ್ಪಾಗುತ್ತ ಹೋಗುತ್ತದೆ, ಇಂಕು ಬೆರೆಸಿದ ಹಾಗೆ. ಇನ್ನೊಂದು ತಿಳಿಯಾಗಿಯೇ ಇರುತ್ತದೆ. ಚಪ್ಪಾಳೆ ಕೇಳಿಸುತ್ತದೆ. ಕೆಲವು ಸಲ ಲೋಟದ ಹಿಂದೆ ಚಿಕ್ಕಪ್ಪನ ವಾಚು ಕಟ್ಟಿದ ಕೈ ಇರುತ್ತದೆ, ಕೆಲವು ಸಲ ಬಳೆಯ ಕೈ. ಮನೆಯಲ್ಲಿ ಚಿಕ್ಕಪ್ಪನ ಕಥೆಯನ್ನು ಅಷ್ಟು ಸಲ ಕೇಳಿದ ಮೇಲೆ ವಾಚಿನ ಕೈ ಬಂದದ್ದು ಆ ದಿನದಿಂದಲೋ ಕಥೆಯಿಂದಲೋ ಹೇಗೆ ಹೇಳಲಿ? ಬಳೆಯ ಕೈ ಗೌನಿಪಲ್ಲಿಗೆ ಹೋಗಿ ಬಂದ ಮೇಲೆ ಸೇರಿಕೊಂಡದ್ದೂ ಇರಬಹುದು.

"ಯಾರು ತೋರಿಸಿದ್ರು ಅಂತ ನನಗೆ ಗೊತ್ತಿಲ್ಲ ಚಿಕ್ಕಪ್ಪ. ಲೋಟ ಎರಡು ಇದ್ದದ್ದು ಮಾತ್ರ ಬರೀತೀನಿ."

"ನನ್ನ ಅನ್ನ ತಿಂದು ನನ್ನ ಕೈ ನೆನಪಿಲ್ವಾ ನಿನಗೆ?"

ಅವರು ನನಗೆ ಹಾಗೆ ಹೇಳಿದ್ದು ಅದೊಂದೇ ಸಲ. ಮಾಲೂರಿನಲ್ಲಿ ಇಳಿಯುವಾಗ ನನ್ನ ಚೀಲವನ್ನು ಮಾತ್ರ ಅವರೇ ಹಿಡಿದುಕೊಂಡರು, ಯಾವಾಗಲೂ ಹಿಡಿದುಕೊಳ್ಳುವ ಹಾಗೆ.

ವಕೀಲರು ತಲೆ ಮೇಲೆ ಕೈಯಿಟ್ಟುಕೊಂಡರು. ಇಬ್ಬರ ಹೇಳಿಕೆ ಒಂದೇ ಆಗಿರಲಿ ಎಂದು ಇಬ್ಬರಿಗೂ ಹೇಳಿ ನೋಡಿದರು. ಟೀಚರು ಫೋನಿನಲ್ಲಿ "ಏಮಂಡಿ ಲಾಯರ್ ಸಾರ್, ನಲವತ್ತು ಮಕ್ಕಳ ಮುಂದೆ ಮಾಡಿದ್ದನ್ನ ಮಾಡ್ಲಿಲ್ಲ ಅಂತ ಬರೀಲಾ? ನಾನೇ ಚೆನ್ನೈಗೆ ಬರ್ತೀನಿ, ಕೇಳೋದಿದ್ರೆ ನನ್ನ ಕೇಳ್ಲಿ" ಎಂದರಂತೆ. ಚಿಕ್ಕಪ್ಪನೂ ಬಗ್ಗಲಿಲ್ಲ. ಅಂತೂ ಮೂರು ಅಫಿಡವಿಟ್ ಹೋದವು: ಅವರು ತೋರಿಸಿದರೆಂದು ಒಂದು, ಇವರು ತೋರಿಸಿದರೆಂದು ಒಂದು, ತೋರಿಸಿದವರು ಗೊತ್ತಿಲ್ಲ ಎಂದು ನನ್ನದು.

ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ವಿಚಾರಣೆ ನಡೆದ ಕೋಣೆಯಲ್ಲಿ ಏಸಿ ಜೋರಾಗಿತ್ತು. ಟೀಚರು ಶಾಲು ಹೊದ್ದು ನನ್ನ ಪಕ್ಕ ಕೂತಿದ್ದರು. ಕಂಪನಿಯ ಕಡೆಯ ವಕೀಲರು ಹಿರಿಯರು, ಮೃದುವಾದ ಮಾತು. ನಮ್ಮ ಮೂರೂ ಹಾಳೆಗಳನ್ನು ಸಾಲಾಗಿ ಇಟ್ಟುಕೊಂಡು ಹೇಳಿದರು: ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಇವರ ಕಾಗದದಿಂದಲೇ ಗೊತ್ತಾಗುತ್ತದೆ, ಮೂರನೆಯವರಿಗೆ ಏನೂ ಗೊತ್ತಿಲ್ಲ. ಹೀಗಿರುವಾಗ ಆ ಪ್ರದರ್ಶನ ನಡೆದದ್ದನ್ನೇ ನಂಬುವುದು ಹೇಗೆ? ನಮ್ಮ ವಕೀಲರು ಎದ್ದು, ತೋರಿಸಿದವರು ಯಾರಾದರೂ ಶಾಲೆಯೆಲ್ಲ ನೋಡಿದ್ದು ನಿಜ ತಾನೆ ಎಂದು ವಾದಿಸಿದರು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಎರಡನ್ನೂ ಬರೆದುಕೊಂಡರು. ಆಮೇಲೆ ಚಿಕ್ಕಪ್ಪನ ಕಡೆ ನೋಡಿ, ನೀವೇನಾದರೂ ಹೇಳುವುದಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಚಿಕ್ಕಪ್ಪ ಎದ್ದರು. ಸಿಕ್ಕವರಿಗೆಲ್ಲ ಹೇಳಿದ್ದನ್ನು ಕೇಳಲೆಂದೇ ಒಬ್ಬರು ಸಂಬಳ ತೆಗೆದುಕೊಂಡು ಕೂತಿದ್ದರು. ಅವರ ಆಯುಷ್ಯದಲ್ಲಿ ಅಂಥ ಕೇಳುಗ ಸಿಕ್ಕಿರಲಿಲ್ಲ. ನಾನು ಅಡುಗೆಮನೆಯ ಕಥೆಗೆ ತಯಾರಾದೆ.

"ನನ್ನ ಹೇಳಿಕೆಯಲ್ಲಿ ಒಂದು ಸಾಲು ವಾಪಸ್ ತಗೊಳ್ತೀನಿ" ಎಂದರು ಅವರು, ನಿಧಾನವಾದ ಇಂಗ್ಲಿಷಿನಲ್ಲಿ. "ತೋರಿಸಿದ್ದು ನಾನು ಅಂತ ಬರೆದಿದ್ದೀನಿ. ಅದು ನನ್ನ ನಂಬಿಕೆ, ಪ್ರಮಾಣ ಮಾಡೋವಷ್ಟು ಗಟ್ಟಿಯಾಗಿಲ್ಲ. ಟೀಚರು ಹೇಳ್ತಿರೋದು ನನ್ನದಕ್ಕಿಂತ ಗಟ್ಟಿ. ಅವರದ್ದನ್ನೇ ಇಟ್ಕೊಳ್ಳಿ." ಕೂತರು.

ಕೋಣೆಯಲ್ಲಿ ಬೇರೇನೂ ಆಗಲಿಲ್ಲ. ಆ ಕಡೆಯ ವಕೀಲರು ಎದ್ದು ಮತ್ತೆ ಕೂತರು. ಟೀಚರು, ಇದರಲ್ಲಿ ಆಶ್ಚರ್ಯ ಏನಿದೆ ಎಂಬ ಹಾಗೆ, ಶಾಲು ಸರಿಮಾಡಿಕೊಂಡರು.

ಹೊರಗೆ ಕಾರಿಡಾರಿನಲ್ಲಿ ಕೇಳಿದೆ. "ಗೆಲ್ಲೋಕೆ ಹೇಳಿದ್ರಾ?"

"ಗೆಲ್ಲೋಕಾಗಿದ್ರೆ ಗೌನಿಪಲ್ಲೀಲೇ ಹೇಳ್ತಿದ್ದೆ." ನೀರು ಕುಡಿದರು. "ಆಯಮ್ಮನಿಗೆ ಮೇಜಿನ ಮೋಟು ಕಾಲು ನೆನಪಿದೆ. ಕಿಟಕಿ ನೆನಪಿದೆ. ಹೆದರಿದ ಹುಡುಗಿ ನೆನಪಿದಾಳೆ. ನನಗೆ ನನ್ನ ಕೈಯೊಂದೇ ನೆನಪಿರೋದು ಕಣೇ. ಮಕ್ಕಳ ಮುಖ ಒಂದೂ ಇಲ್ಲ. ನಾನೊಬ್ಬನೇ ಇರೋ ನೆನಪು ಅದು. ಅಲ್ಲಿ ಕೂತಿದ್ದಾಗ ಅನುಮಾನ ಬಂತು."

ನೆನಪನ್ನು ಹೇಗೆ ಪರೀಕ್ಷಿಸಬೇಕೆಂದು ನಾನು ಎಷ್ಟೋ ಓದಿದ್ದೇನೆ, ಬರೆದೂ ಇದ್ದೇನೆ. ಇದಕ್ಕಿಂತ ಖಚಿತವಾದ ಪರೀಕ್ಷೆ ನನಗೆ ಸಿಕ್ಕಿಲ್ಲ. ಅದನ್ನು ತನ್ನ ಮೇಲೆಯೇ, ತನ್ನದೆಂದು ಇದ್ದ ಒಂದೇ ಒಂದು ವಸ್ತುವಿನ ಮೇಲೆ, ಪರರ ಎದುರಿಗೆ ಪ್ರಯೋಗಿಸಿದ ಮನುಷ್ಯ ನಮ್ಮ ಚಿಕ್ಕಪ್ಪ. ಟೀಚರು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ. ನನ್ನ ಜಡೆಯ ವಿಷಯದಲ್ಲಂತೂ ಅವರು ತಪ್ಪು.

ತೀರ್ಪನ್ನು ಇಲ್ಲೇ ಹೇಳಿಬಿಡುತ್ತೇನೆ, ನನಗೆ ಅದರಲ್ಲಿ ಮುಗಿಸಲು ಇಷ್ಟವಿಲ್ಲ. ತಿಂಗಳುಗಳು ಕಳೆದ ಮೇಲೆ ಬಂತು. ಅರ್ಜಿ ತಿರಸ್ಕೃತವಾಗಿತ್ತು. ಚಿಕಿತ್ಸೆಯ ಭಾಗ ವಕೀಲರು ಹೇಳಿದ ಹಾಗೆ ತಾನಾಗಿ ಬಿದ್ದಿತ್ತು. ವಿಧಾನಕ್ಕೆ ಕಾರಣಗಳು ಹಲವು. ಹುಳಿಯಿಂದ ಇಂಥ ವಸ್ತು ಕಪ್ಪಾಗುವುದಿಲ್ಲವೆಂಬುದು ಈ ವಿದ್ಯೆ ಬಲ್ಲವರಿಗೆ ಹೊಸದೇನಲ್ಲ ಎಂಬುದು ಮುಖ್ಯವಾದದ್ದು. ನಮ್ಮ ಶಾಲೆಗೆ ಸಿಕ್ಕಿದ್ದು ಒಂದು ಪ್ಯಾರಾ. ಟೀಚರನ್ನು ನಂಬಿದ್ದರು. ಚಿಕ್ಕಪ್ಪನ ಬಾಯಲ್ಲಿ ಗುಟ್ಟು ನಿಲ್ಲದ್ದರಿಂದ ಫ್ಯಾಕ್ಟರಿ ಉಳಿಯಿತು ಎಂಬ ನನ್ನ ಮೊದಲ ವಾಕ್ಯ, ಹಾಗಾಗಿ, ಪೂರ್ತಿ ನಿಜವಲ್ಲ. ಅದನ್ನು ಅಳಿಸದೆ ಬಿಟ್ಟಿದ್ದೇನೆ.

ಇನ್ನು ಆ ದಿನದ ರೈಲು. ಚೆನ್ನೈನಿಂದ ವಾಪಸ್ ಬರುವಾಗ ನಾವು ನಾಲ್ವರೂ ಒಂದೇ ಡಬ್ಬಿಯಲ್ಲಿದ್ದೆವು. ವಕೀಲರು ನಿದ್ದೆ ಹೋದರು. ಟೀಚರು ಬಂಗಾರಪೇಟೆಯಲ್ಲಿ ಇಳಿಯಬೇಕಿತ್ತು. ಚಿಕ್ಕಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಇನ್ನು ಅವರಿಗೆ ಹೇಳಿಕೊಳ್ಳಲು ಏನು ಉಳಿಯಿತು ಎಂದು ನನಗೆ ಸಂಕಟವಾಗುತ್ತಿತ್ತು. ಎದುರು ಸೀಟಿನಲ್ಲಿ ಆಂಬೂರಿನಿಂದ ಹತ್ತಿದ ಒಬ್ಬ ಚರ್ಮದ ವ್ಯಾಪಾರಿ, ಉರ್ದು ಬೆರೆತ ಕನ್ನಡದವನು, ಮಾತಿಗೆಳೆದ. ಏನು ಕೆಲಸದ ಮೇಲೆ ಹೋಗಿದ್ದಿರಿ ಸಾಹೇಬ್ರೇ?

ಚಿಕ್ಕಪ್ಪ ತಿರುಗಿದರು. ಗಂಟಲು ಸರಿಮಾಡಿಕೊಂಡರು.

"ಇವರು ಗೌನಿಪಲ್ಲಿ ಹೈಸ್ಕೂಲಿನ ಟೀಚರು" ಎಂದರು. "ಒಂದು ಬೀಜ ಇದೆ. ಅದರ ನೀರು ಕಪ್ಪಾಗದ ಹಾಗೆ ಮಾಡೋದು ಹೇಗೆ ಅಂತ ಇಡೀ ಪ್ರಪಂಚಕ್ಕಿಂತ ಮುಂಚೆ ಮಕ್ಕಳಿಗೆ ತೋರಿಸಿದವರು. ಅದನ್ನ ನೋಡಿ ನಾನು ಮಾಲೂರಲ್ಲಿ ಫ್ಯಾಕ್ಟರಿ ಕಟ್ಟಿದೆ. ಈಗ ಹೊರದೇಶದ ಕಂಪನಿ ಬಂದು ಇದು ತನ್ನದು ಅಂತದೆ. ಇವರು ಹೋಗಿ ಅವರ ಮುಂದೆ ಕೂತು ಬಂದ್ರು ನೋಡಿ."

ಫ್ಯಾಕ್ಟರಿ ಆ ಪ್ರದರ್ಶನಕ್ಕಿಂತ ಮುಂಚಿನದು; ನಾನು ತಿದ್ದಲು ಹೋಗಲಿಲ್ಲ. ಧ್ವನಿ ಹಳೆಯದೇ. ಕೈ ಹಳೆಯ ಹಾಗೆಯೇ ಗಾಳಿಯಲ್ಲಿ ಲೋಟ ಹಿಡಿಯುತ್ತಿತ್ತು. ವ್ಯಾಪಾರಿ ಟೀಚರಿಗೆ ಕೈ ಮುಗಿದ. ಟೀಚರು ಕಿತ್ತಳೆಯ ಸಿಪ್ಪೆ ಬಿಡಿಸುತ್ತ, ಯಾರ ಕಡೆಯೂ ನೋಡದೆ ಹೇಳಿದರು:

"ಸ್ವಲ್ಪ ಜೋರಾಗಿ ಹೇಳಿ ಸಾರ್. ಆ ಬಾಗಿಲ ಹತ್ರ ಕೂತಿರೋರಿಗೆ ಕೇಳಿಸ್ಲಿಲ್ಲ."

ಚಿಕ್ಕಪ್ಪ ಎದ್ದು ನಿಂತು, ಮೇಲಿನ ಬರ್ತಿನ ಸರಪಳಿ ಹಿಡಿದುಕೊಂಡು, ಮೊದಲಿನಿಂದ ಶುರು ಮಾಡಿದರು.